ಹಿಗ್ಗುವ ವಿಶ್ವ ಮತ್ತು ನಮ್ಮ ಹೊಲದ ಬದು

ಬಲೂನು ಊದಿ ಊರಿಗೆ ವಿಜ್ಞಾನ ಹೇಳಲು ಹೋದವನು ಹೊಲ ಕಳೆದುಕೊಳ್ಳಬಹುದು ಎಂದು ನಾನು ಬಿ.ಎಡ್. ಓದುವಾಗ ಯಾರೂ ಎಚ್ಚರಿಸಲಿಲ್ಲ.

ಉಗಾರ ಬುದ್ರುಕದಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಒಂದು ಸಂಜೆ ಊರವರನ್ನು ಕೂರಿಸಿಕೊಂಡು, ಬಲೂನಿನ ಮೇಲೆ ಚುಕ್ಕೆ ಇಟ್ಟು ಊದಿದೆ. ಚುಕ್ಕೆಗಳು ದೂರ ದೂರ ಸರಿದವು. ವಿಶ್ವವೂ ಹೀಗೇ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಹೆಚ್ಚುತ್ತಿದೆ, ಕಾರಣ ಗೊತ್ತಿಲ್ಲದ್ದರಿಂದ ಕಪ್ಪು ಶಕ್ತಿ ಎಂದು ಹೆಸರಿಟ್ಟಿದ್ದಾರೆ ಎಂದೆ. ಮುಂದೆ ಕುಳಿತಿದ್ದ ಸಿದ್ರಾಮ ಕಾಕಾ ತಲೆದೂಗಿದರು. ಯಾರಾದರೂ ತಲೆದೂಗಿದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ.

ಕಾಕಾ ನಮ್ಮ ಪಕ್ಕದ ಹೊಲದವರು. ಪ್ರತಿ ವರ್ಷ ಕಬ್ಬು ಕಡಿದು ನೇಗಿಲು ಹೊಡೆಯುವಾಗ ನಡುವಿನ ಬದುವನ್ನು ಒಂದೊಂದು ಗೇಣು ನಮ್ಮ ಕಡೆಗೆ ಸರಿಸುತ್ತ ಬಂದಿದ್ದರು. ನನ್ನ ಹೆಂಡತಿ ನೆಟ್ಟ ನುಗ್ಗೆ ಗಿಡ ಇದ್ದಲ್ಲೇ ಇದ್ದು ಅವರ ಹೊಲ ಸೇರಿಬಿಟ್ಟಿತ್ತು. ವಿಜ್ಞಾನಿಗಳು ಕಪ್ಪು ಶಕ್ತಿ ಅನ್ನುವುದನ್ನು ಅವಳು ಸಿದ್ರಾಮ ಕಾಕಾ ಅನ್ನುತ್ತಾಳೆ. "ಗಿಡ ತಿರುಗಿ ನಮ್ಮ ಹೊಲದಾಗ ಬರೂತನಕ ನುಗ್ಗಿಕಾಯಿ ಸಾರು ಕೇಳಬ್ಯಾಡ್ರಿ" ಎಂದು ಹೇಳಿ ನನ್ನನ್ನು ಕಾಕಾ ಬಳಿಗೆ ಅಟ್ಟಿದಳು.

"ನಾ ಏನ್ ಮಾಡ್ಲಿ ಮಾಸ್ತರ್ರ?" ಅಂದರು ಕಾಕಾ. "ಜಗತ್ತ ಹಿಗ್ಗಾಕತ್ತೈತಿ ಅಂತ ನೀವ ಹೇಳೀರಿ. ನನ್ನ ಹೊಲ ಜಗತ್ತಿನಾಗ ಇಲ್ಲೇನು?"

ನನಗೆ ಸಿಟ್ಟು ಬಂತು, ಆದರೆ ಮಾಸ್ತರಿಕೆ ಅದಕ್ಕಿಂತ ಮೊದಲು ಬಂತು. "ದೂರದ ನಕ್ಷತ್ರದ ಗುಂಪು ಅಷ್ಟ ಸರೀತಾವ್ರಿ ಕಾಕಾ. ಹತ್ತಿರದವು ಕೂಡೇ ಇರ್ತಾವ. ಕಪ್ಪು ದ್ರವ್ಯ ಅಂತ ಒಂದೈತಿ, ಅದು ಹಿಡದಿಟ್ಟಿರ್ತೈತಿ. ಕಣ್ಣಿಗೆ ಕಾಣೂದಿಲ್ಲ."

"ಹಂಗಾರ ನಾವು ಹತ್ತಿರದವ್ರೋ, ದೂರದವ್ರೋ?"

"ಹತ್ತಿರದವ್ರರಿ."

"ಮತ್ತ ನಡುವ ಬದು ಯಾಕ ಬೇಕು?" ಎಂದ ಕಾಕಾ ಮರುದಿನ ಬದುವನ್ನೇ ನೆಲಸಮ ಮಾಡಿದರು.

"ನಮ್ಮ ಹೊಲ ಎಲ್ಲಿಗೆ ಮುಗೀತೈತಿ ಈಗ?" ಎಂದು ಹೆಂಡತಿ ಕೇಳಿದಳು. ವಿಶ್ವಕ್ಕೂ ಅಂಚಿಲ್ಲ ಎಂದೆ. ಅವಳು ಸಲಿಕೆ ತಂದು ಕೈಗೆ ಕೊಟ್ಟಳು.

ಹೊಸ ಬದು ಹಾಕಲು ಕಾಕಾ ತಾವೂ ಬಂದರು. ಹಗ್ಗ ಹಿಡಿದರು, ಮಣ್ಣು ಏರಿಸಿದರು, ಮಾಸ್ತರರ ಬೆನ್ನು ನೋಯಬಾರದೆಂದು ನನ್ನನ್ನು ಮತ್ತೆ ಮತ್ತೆ ನೆರಳಿಗೆ ಕಳಿಸಿದರು. ಮುಗಿದ ಮೇಲೆ ನೋಡುತ್ತೇನೆ, ಬದು ಇನ್ನೂ ಒಂದು ಮೊಳ ನಮ್ಮ ಕಡೆ ಬಂದಿದೆ. ನುಗ್ಗೆ ಗಿಡ ಮತ್ತಷ್ಟು ದೂರವಾಗಿದೆ. ವರ್ಷಕ್ಕೆ ಗೇಣು ಇದ್ದದ್ದು ದಿನಕ್ಕೆ ಮೊಳ ಆಗಿತ್ತು. ವೇಗ ಹೆಚ್ಚುತ್ತಿದೆ ಅನ್ನುವುದು ಸುಳ್ಳಲ್ಲ.

ಜಗಳ ನಾಲಿಗೆಯ ತುದಿಯಲ್ಲಿತ್ತು. "ಬರ್ರಿ, ಚಾ ಕುಡಿಯೂಣು" ಎಂದು ಕಾಕಾ ಮಣ್ಣಿನ ಕೈಯನ್ನು ನನ್ನ ಹೆಗಲ ಮೇಲೆ ಹಾಕಿದರು. ಅವರ ಹಿಂದೆ ನಡೆದೆ. ಏನು ಎಳೆಯಿತೋ, ಕಣ್ಣಿಗಂತೂ ಕಾಣಲಿಲ್ಲ.