ಆರು ಬೀಗದ ಮನೆ, ಹತ್ತು ಮಕ್ಕಳ ಶಾಲೆ

ಗೌರವ್ವನ ಸೊಂಟದಲ್ಲಿ ಆರು ಮನೆಗಳ ಚಾವಿ ಜೋತಾಡುತ್ತಿದ್ದವು. ಅವಳದೆಂದು ಇದ್ದದ್ದು ಒಂದೇ ಖೋಲಿ, ಅದಕ್ಕೆ ಬೀಗವೇ ಇರಲಿಲ್ಲ. ಕದಿಯುವಂಥದ್ದಾದರೂ ಏನಿತ್ತು? ಎರಡು ಕೋಳಿ, ಒಂದು ಆಡು, ಸತ್ತ ಗಂಡನ ಫೋಟೋ.

ಖಾನಾಪುರದಿಂದ ಎಂಟು ಮೈಲಿ ಆಚೆ, ಕಾಡಿನ ಅಂಚಿಗಿರುವ ಆ ಊರಿನಲ್ಲಿ ಈ ಆರೂ ಮನೆಗಳು ಗೋವೆಯ ದುಡಿಮೆಯಿಂದ ಎದ್ದವು. ಗಂಡಸರು ಗೋವೆಗೆ ಹೋಗಿ ಮಂದಿಯ ಮನೆ ಕಟ್ಟಿದರು. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಊರಲ್ಲಿ ಎರಡಂತಸ್ತು ಎಬ್ಬಿಸಿ, ಒಬ್ಬ ಗಿಳಿಹಸಿರು ಬಳಿದ, ಇನ್ನೊಬ್ಬ ಗುಲಾಬಿ ಬಳಿದ. ಆಮೇಲೆ ಬೀಗ ಜಡಿದು ಬೆಳಗಾವಿಯಲ್ಲಿ ಹೋಗಿ ಕುಳಿತರು. ವರ್ಷಕ್ಕೊಮ್ಮೆ ಚೌತಿಗೆ ಬಂದಾಗ ಸೋಫಾದ ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಅದರ ಮೇಲೆಯೇ ಕುಳಿತೆದ್ದು ಹೋಗುತ್ತಾರೆ. ಇದಕ್ಕೆ ಊರು ಮುಂದುವರಿಯಿತು ಎನ್ನುತ್ತಾರೆ. ಮುಂದುವರಿದು ಎಲ್ಲಿಗೆ ಹೋಯಿತು ಎಂದರೆ, ಬೆಳಗಾವಿಯ ಟಿಳಕವಾಡಿಗೆ ಹೋಯಿತು.

ಮಳೆಗಾಲದಲ್ಲಿ ಈ ಮನೆಗಳ ಕಿಟಕಿ ತೆರೆಯುವುದು, ಗೋಡೆಯ ಬೂಷ್ಟು ಒರೆಸುವುದು ಗೌರವ್ವನ ಪಾಲಿನ ಕೆಲಸ. ಅವಳ ನಿಜವಾದ ಕೆಲಸ ಶಾಲೆಯಲ್ಲಿತ್ತು. ಹದಿನೆಂಟು ವರ್ಷದಿಂದ ಅಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಊರು ಮುಂದುವರಿದ ಮೇಲೆ ಆ ಶಾಲೆಯಲ್ಲಿ ಉಳಿದದ್ದು ಊರಿನ ಏಳೇ ಮಕ್ಕಳು. ಜುಲೈ ಎಣಿಕೆಯ ಹೊತ್ತಿಗೆ ಹತ್ತು ತುಂಬದಿದ್ದರೆ ಶಾಲೆ ಮುಚ್ಚಿ, ಮಕ್ಕಳನ್ನು ಹಳ್ಳದಾಚೆಯ ಶಾಲೆಗೆ ಸೇರಿಸುವುದೆಂದು ಮೇಲಿನವರು ಹೇಳಿ ಕಳಿಸಿದ್ದರು. ಮಳೆಗಾಲದಲ್ಲಿ ಆ ಹಳ್ಳವನ್ನು ಎಮ್ಮೆ ಕೂಡ ದಾಟುವುದಿಲ್ಲ. ಕಾಗದ ಬರೆದವನು ಹಳ್ಳ ನೋಡಿರಲಿಲ್ಲ, ಎಮ್ಮೆಯನ್ನೂ ನೋಡಿರಲಿಲ್ಲವೇನೋ.

ಹತ್ತು ತುಂಬಿಸುವ ದಾರಿ ಊರ ಹೊರಗಿನ ಇಟ್ಟಂಗಿ ಭಟ್ಟಿಯಲ್ಲಿತ್ತು. ಯಾದಗಿರಿ ಕಡೆಯಿಂದ ದುಡಿಯಲು ಬಂದಿದ್ದ ನಾಗಲಿಂಗನ ಮೂರು ಮಕ್ಕಳು ದೀಪಾವಳಿಯಿಂದ ಶಾಲೆಗೆ ಬರುತ್ತಿದ್ದವು. ಆದರೆ ಮೊದಲ ಮಳೆಗೆ ಭಟ್ಟಿ ನಿಲ್ಲುತ್ತದೆ, ತಾಡಪಾಲಿನ ಗುಡಿಸಲು ಕೊಚ್ಚಿ ಹೋಗುತ್ತದೆ, ಸಂಸಾರ ಗಂಟು ಕಟ್ಟುತ್ತದೆ.

"ಮಳಿಗಾಲದಾಗ ಭತ್ತದ ನಾಟಿಗೆ ಇಲ್ಲಿ ಆಳ ಸಿಗಂಗಿಲ್ಲ. ಅರ್ಧ ಗದ್ದಿ ಬೀಳ ಬಿದ್ದಾವು. ಇಲ್ಲೇ ಇರಬಾರದೇನೋ?" ಎಂದು ಗೌರವ್ವ ಕೇಳಿದಳು.

"ಇರತೀನಬೇ. ಎಲ್ಲಿ ಇರಲಿ? ನಿನ್ನ ಕೋಳಿ ಬುಟ್ಟಿ ಒಳಗ?" ಎಂದ ನಾಗಲಿಂಗ.

ಗೌರವ್ವ ಸೊಂಟ ಮುಟ್ಟಿ ನೋಡಿಕೊಂಡಳು. ಕೆಲಸ ಉಂಟು, ಕೈ ಉಂಟು, ಖಾಲಿ ಮನೆ ಆರು ಉಂಟು. ಇಲ್ಲದ್ದು ಅಕ್ಕಪಕ್ಕದ ಈ ಮೂರನ್ನು ಸೇರಿಸುವ ಬುದ್ಧಿ.

ಮರುದಿನವೇ ಬಸ್ಸು ಹತ್ತಿ ಟಿಳಕವಾಡಿಗೆ ಹೋದಳು. ಗುರುಪುತ್ರಪ್ಪನ ಮನೆಯಲ್ಲಿ ಊರಿನ ಅಭಿವೃದ್ಧಿ ಸಂಘದ ಸಭೆ ನಡೆದಿತ್ತು. ಆರೂ ಮನೆಗಳ ಯಜಮಾನರು ಕೂಡಿದ್ದರು. ಊರ ಬಾಗಿಲಿಗೊಂದು ಕಮಾನು ಕಟ್ಟಿಸಿ, ಅದರ ಮೇಲೆ 'ಸುಸ್ವಾಗತ' ಎಂದು ಬರೆಸುವುದು ಅಂದಿನ ವಿಷಯ. ಅಕ್ಷರ ಬಂಗಾರದ ಬಣ್ಣದ್ದಿರಬೇಕೋ ಕೆಂಪಿರಬೇಕೋ ಎಂದು ಒಂದು ತಾಸಿನಿಂದ ಚರ್ಚೆ.

"ಬಾ ಗೌರವ್ವ, ಕುಂದರು. ಮನಿ ಎಲ್ಲಾ ಬರೋಬರಿ ಅದಾವಲ್ಲ?" ಎಂದ ಸಂಘದ ಅಧ್ಯಕ್ಷ ಗುರುಪುತ್ರಪ್ಪ.

"ಬರೋಬರಿ ಅದಾವ್ರೀ. ಒಳಗ ಮನಷ್ಯಾರಿಲ್ಲ, ಅಷ್ಟ."

ಅವಳು ಬಂದ ಕಾರಣ ಹೇಳಿದಳು. ನಾಲ್ಕು ತಿಂಗಳಿಗೆ ಯಾವುದಾದರೂ ಒಂದು ಮನೆ, ಬೇಡ, ಮನೆಯ ಒಂದು ಮೂಲೆ.

ಗುರುಪುತ್ರಪ್ಪ ನಕ್ಕ. "ಗುರ್ತಿಲ್ಲ ಪರಿಚಯಿಲ್ಲ, ಹೊರಗಿನ ಮಂದಿ. ಒಮ್ಮಿ ಒಳಗ ಬಿಟ್ರ ಹೊರಗ ಹಾಕಾಕ ಕೋರ್ಟಿಗೆ ಹೋಗಬೇಕಾಗ್ತದ. ಇಂಥಾ ಮಂದಿ ಬಂದ ಊರು ಕೆಡೂದು."

ಅಲ್ಲಿಯವರೆಗೆ ಬಹುವಚನದಲ್ಲಿದ್ದ ಗೌರವ್ವ ಏಕವಚನಕ್ಕಿಳಿದಳು.

"ಗೋವೆದ ಮಡಗಾಂವದಾಗ ನಾವು ಯಾವ ಮಂದಿ ಆಗಿದ್ವಿ, ಗುರುಪುತ್ರಪ್ಪ? ನೀನು, ನಾನು, ನನ್ನ ಗಂಡ ಒಂದ ಗಾಡ್ಯಾಗ ಹೋಗಿದ್ವಿ. ಮಳಿಗೆ ಕೆಲಸ ನಿಂತಾಗ ಒಬ್ಬಾಕಿ ಕಿರಿಸ್ತಾನ ಮುದುಕಿ ತನ್ನ ತೆಂಗಿನಕಾಯಿ ಖೋಲಿ ಖಾಲಿ ಮಾಡಿ ಕೊಟ್ಲು. ನಿನ್ನ ಗುರ್ತ ಕೇಳಿದ್ಲೇನು? ಆ ಖೋಲಿ ಸಿಗದಿದ್ರ ನೀ ಅವತ್ತ ರೈಲ ಹತ್ತಿ ವಾಪಸ್ ಬರತಿದ್ದಿ. ಇವತ್ತ ಕಾಂಟ್ರ್ಯಾಕ್ಟರ ಅಲ್ಲ, ಯಾರದರ ಎಮ್ಮಿ ಕಾಯತಿದ್ದಿ."

ಸಂಘದ ಸದಸ್ಯರಿಗೆ ಏಕಾಏಕಿ ಛಾವಣಿಯ ಫ್ಯಾನು ಬಹಳ ಚೆಂದ ಕಂಡಿತು. ಗುರುಪುತ್ರಪ್ಪನ ಮುಖ ಸುಟ್ಟ ಇಟ್ಟಂಗಿಯಾಯಿತು. "ಅದು ಬ್ಯಾರೆ, ಇದು ಬ್ಯಾರೆ" ಎಂದ.

ಗೌರವ್ವ ಸೊಂಟದ ದಾರ ಬಿಚ್ಚಿ ಚಾವಿಗಳನ್ನು ಕಮಾನಿನ ನಕ್ಷೆಯ ಮೇಲೆ ಸುರಿದಳು. "ತಗೋರಿ. ಈ ಮಳಿಗಾಲ ಕಿಡಕಿ ತಗ್ಯಾಕ, ಬೂಷ್ಟ ಒರಸಾಕ ನೀವ ಬರ್ರಿ."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ಓಡಿ ಬಂದರು. ಗುಲಾಬಿ ಮನೆಯ ಬಸಲಿಂಗಪ್ಪ. ಹೋದ ವರ್ಷ ಗೌರವ್ವ ಜ್ವರದಿಂದ ಮಲಗಿದ ಎಂಟೇ ದಿನಕ್ಕೆ ಅವನ ಸೋಫಾದ ಮೇಲೆ ಅಣಬೆ ಎದ್ದಿತ್ತು. ದಯೆ ಹುಟ್ಟಿದ್ದು ಅಲ್ಲಿಂದ.

"ಹಿಂದಿನ ಅಡಗಿಮನಿ ಅಷ್ಟ ಕೊಡತೀನಿ," ಎಂದು ಪಿಸುಗುಟ್ಟಿ ಅವಳ ಕೈಗೆ ಚಾವಿ ತುರುಕಿದ. "ಬಾಡಗಿ ಬ್ಯಾಡ. ನನ್ನ ಗದ್ದಿ ನಟ್ಟ ಕೊಡಲಿ. ಆದರ ಸಂಘದಾಗ ಯಾರಿಗೂ ಹೇಳಬ್ಯಾಡ, ನಿನಗ ಕೈ ಮುಗೀತೀನಿ."

ಕೆಟ್ಟದ್ದು ಮಾಡುವವರು ಅಧ್ಯಕ್ಷರಾಗಿ ಮೇಲೆ ಕುಳಿತಿದ್ದರು. ಒಳ್ಳೆಯದು ಮಾಡುವವನು ಮೆಟ್ಟಿಲ ಮರೆಯಲ್ಲಿ ಬೆವರುತ್ತಿದ್ದ.

ನಾಗಲಿಂಗನ ಸಂಸಾರ ಅಡುಗೆಮನೆಗೆ ಬಂತು. ಜುಲೈನಲ್ಲಿ, ಆಕಾಶ ಹರಿದಂಥ ಮಳೆಯ ದಿನ, ಎಣಿಕೆಯ ಸಾಹೇಬ ರೇನ್‌ಕೋಟು ಹಾಕಿಕೊಂಡು ಖಾನಾಪುರದಿಂದ ಬಂದ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿದ. ಒಂಬತ್ತು. ನಾಗಲಿಂಗನ ಹಿರಿಮಗಳು ಭಾಗಮ್ಮ ಇರಲಿಲ್ಲ. ಹೆಡ್‌ ಟೀಚರಮ್ಮ ಮತ್ತೊಮ್ಮೆ ಎಣಿಸಿದಳು. ಸಾಹೇಬ ಪೆನ್ನು ತೆಗೆದ.

"ಅನ್ನ ಇನ್ನೂ ಅರಳಿಲ್ಲ ಸಾಹೇಬ್ರ. ಉಂಡ ಬರೀರಿ. ಹಸದ ಕೈಲೇ ಬರದ್ರ ಅಕ್ಷರ ಸೊಟ್ಟ ಆಗ್ತಾವು," ಎಂದು ಗೌರವ್ವ ಅನ್ನದ ಹುಟ್ಟು ಹಿಡಿದುಕೊಂಡೇ ಹೊರಬಿದ್ದಳು.

ಹುಡುಗಿ ಎಲ್ಲಿರಬಹುದೆಂದು ಕೇಳಬೇಕಾಗಿರಲಿಲ್ಲ. ಬಸಲಿಂಗಪ್ಪನ ಗದ್ದೆಯಲ್ಲಿ ಅಪ್ಪ, ಅವ್ವ, ಹನ್ನೊಂದು ವರ್ಷದ ಭಾಗಮ್ಮ ಮೊಣಕಾಲುದ್ದ ಕೆಸರಿನಲ್ಲಿ ಬಾಗಿದ್ದರು. ಬೆಳಗಾವಿಯಿಂದ ನಾಟಿ ನೋಡಲು ಬಂದ ಬಸಲಿಂಗಪ್ಪ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ, ಬೂಟಿಗೆ ಕೆಸರು ತಾಗದ ಹಾಗೆ.

"ನಾಗಲಿಂಗಾ, ಕೂಸಿನ ಸಾಲಿ ಬಿಡಿಸಿ ಇಲ್ಲಿ ತಂದ ನಿಂದ್ರಿಸಿಯಲ್ಲೋ, ನಿನಗ ತಲಿ ಐತೋ ಇಲ್ಲೋ?"

"ಧಣ್ಯಾರ ಹೇಳಿದ್ರಬೇ, ಖೋಲಿ ಕೊಟ್ಟೀನಿ, ಎಲ್ಲಾರೂ ಇಳೀರಿ ಅಂತ. ಏನಂತ ಒಲ್ಲೆ ಅನ್ನಲಿ?"

ಗೌರವ್ವ ಬದುವಿನ ಕಡೆ ತಿರುಗಿದಳು. "ಅಡಗಿಮನಿ ಕೊಟ್ಟು ಮೂರ ಆಳ ಕೊಂಡಿಯೇನೋ ಬಸಲಿಂಗಪ್ಪ?"

"ಒಂದ ದಿನಕ್ಕ ಏನಾಗ್ತದ ಗೌರವ್ವ? ಸಸಿ ಒಣಗತಾವು."

"ಒಂದ ದಿನಕ್ಕ ಸಾಲಿ ಮುಚ್ಚತೈತಿ. ಸಾಹೇಬ ಒಂಬತ್ತ ಅಂತ ಪೆನ್ನ ಹಿಡಕೊಂಡ ಕುಂತಾನ. ಇಳಿ, ಆ ಕೂಸಿನ ಜಾಗಾದಾಗ ನೀ ನಟ್ಟ ಕೊಡು."

"ನಾನ?"

"ಒಲ್ಲೆ ಅಂದ್ರ ಗುರುಪುತ್ರಪ್ಪಗ ಫೋನ ಹಚ್ಚತೀನಿ. ಬಸಲಿಂಗಪ್ಪ ಹೊರಗಿನ ಮಂದೀಗೆ ಮನಿ ಕೊಟ್ಟಾನ, ಅಂತ ಹೇಳತೀನಿ."

ಮಗುವನ್ನು ದುಡಿಸಿಕೊಂಡದ್ದು ಬಯಲಾದಾಗ ಬಸಲಿಂಗಪ್ಪನ ರೆಪ್ಪೆಯೂ ಅಲುಗಿರಲಿಲ್ಲ. ಉಪಕಾರ ಬಯಲಾಗುತ್ತದೆ ಎಂದೊಡನೆ ಜೀವ ಬಾಯಿಗೆ ಬಂತು. ಕೊಡೆ ಮಡಚಿದ. ಬೂಟು ಬಿಚ್ಚಿದ. ಪ್ಯಾಂಟು ಮಡಚಿ ಕೆಸರಿಗಿಳಿದಾಗ ನಾಗಲಿಂಗನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬಗ್ಗಿದಳು.

ಭಾಗಮ್ಮ ಕೆಸರುಗಾಲಲ್ಲೇ ಶಾಲೆಗೆ ಬಂದು ಸಾಲಿನ ಕೊನೆಗೆ ನಿಂತಳು. ಸಾಹೇಬ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇವರು ವಲಸೆ ಬಂದವರಲ್ವಾ? ಇವರನ್ನ ಯಾವ ಕಾಲಂನಲ್ಲಿ ಬರೀಬೇಕೋ..."

"ಉಣ್ಣವರ ಕಾಲಮ್ಮಿನ್ಯಾಗ ಬರೀರಿ," ಎಂದಳು ಗೌರವ್ವ, ತಾಟು ಹಾಕುತ್ತ. "ಹತ್ತ ಅದಾವು, ಎಣಿಸ್ಕೋರಿ."

ಸಾಹೇಬ ಹತ್ತು ಎಂದು ಬರೆದು, ಸಹಿ ಹಾಕಿ, ಹನ್ನೊಂದನೆಯ ತಾಟಿಗೆ ಕೈ ಚಾಚಿದ.