ಖಲೀಫನ ಮಗಳು, ಮೌಲಾನಾರ ಮೊಮ್ಮಗಳು

ಜೋಳದ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಪಕ್ಕದ ಮನೆಗೂ ಕೇಳಿಸುತ್ತದೆ ಎಂಬುದು ನನಗೆ ತಿಳಿದದ್ದು ಕೆರೊಲಿನಾದ ಕ್ಯಾರಿ ಎಂಬ ಊರಿನ ಟೌನ್‌ಹೌಸಿಗೆ ಬಂದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ. ಮೈಸೂರಿನಲ್ಲಿ ಬೆಳೆದ ನನಗೆ ಆ ತಟಪಟ ಏನೆಂದು ಹೊಳೆಯದೆ, ಪಕ್ಕದವರು ಮರಗೆಲಸ ಮಾಡಿಸುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಒಂದು ಭಾನುವಾರ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದವರು ಸಕೀನಾ. ನಮ್ಮ ಮನೆಯಿಂದ ಕನ್ನಡ ಕೇಳಿಸಿತಂತೆ, ಅದಕ್ಕೇ ಬಂದರಂತೆ. ಊರು ಬೀದರ್. ಗಂಡ ರಿಸರ್ಚ್ ಪಾರ್ಕಿನಲ್ಲಿ ಎಂಜಿನಿಯರ್. ತಾವು ಮಾತ್ರ ನಲವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯ ಸೇರಿ ಇತಿಹಾಸದಲ್ಲಿ ಸಂಶೋಧನೆಗೆ ಕೂತಿದ್ದರು.

ಅವರು ಆರಿಸಿಕೊಂಡ ವಿಷಯ ಕೇಳಿದರೆ ನಿಮಗೂ ನನ್ನಂತೆ ಕುತೂಹಲ ಹುಟ್ಟೀತು: ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಸಿಂಹಾಸನದ ಮನೆಗಳಿಗೂ ಧರ್ಮಗುರುಗಳ ಮನೆಗಳಿಗೂ ನಡುವೆ ನಡೆದ ಮದುವೆಗಳು. ಹಿಟ್ಟು ನಾದುತ್ತಲೇ ಅವರು ಹೇಳಿದ ಕಥೆಯೊಂದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಬಾಗ್ದಾದಿನ ಗದ್ದುಗೆಯ ಒಬ್ಬ ಖಲೀಫ, ಪ್ರವಾದಿಗಳ ವಂಶದ ಇಮಾಮರೊಬ್ಬರನ್ನು ತನ್ನ ಉತ್ತರಾಧಿಕಾರಿ ಎಂದು ಸಾರಿ ಒಬ್ಬ ಮಗಳನ್ನು ಅವರಿಗೆ ಕೊಟ್ಟ. ಅವರು ತೀರಿಕೊಂಡ ಮೇಲೆ ಅವರ ಎಳೆಯ ಮಗನಿಗೆ ಇನ್ನೊಬ್ಬ ಮಗಳನ್ನು ಕೊಡಲು ಹೊರಟ. ಇಷ್ಟು ಎಳೆಯ ಹುಡುಗನಿಗೆ ಏನು ಗೊತ್ತು ಎಂದು ಖಲೀಫನ ನೆಂಟರೆಲ್ಲ ತಿರುಗಿಬಿದ್ದರು. ಆಗ ಖಲೀಫ ಪಂಡಿತರನ್ನು ಸಭೆಗೆ ಕರೆಸಿ, ಆ ಹುಡುಗನನ್ನು ಏನು ಬೇಕಾದರೂ ಕೇಳಿ ಎಂದನಂತೆ. ಕೇಳಿದವರೇ ಕೊನೆಗೆ ಬಾಯಿ ಮುಚ್ಚಿ ಕೂತರಂತೆ. ಮದುವೆ ನಡೆಯಿತು.

ರಾಜಕೀಯದ ಲೆಕ್ಕಾಚಾರ ಇರಲಿಲ್ಲವೆಂದಲ್ಲ. ಆದರೂ ಖಡ್ಗ ಹಿಡಿದವನು, ಖಡ್ಗವಿಲ್ಲದ ಮನೆಯೊಂದರ ವಿದ್ಯೆಯೆದುರು ತನ್ನ ಮಗಳ ಕೈ ಹಿಡಿದು ನಿಂತನಲ್ಲ, ಆ ಚಿತ್ರ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ. ಸಕೀನಾರಿಗೆ ಅದಕ್ಕಿಂತ ದೊಡ್ಡವಳಾಗಿ ಕಂಡವಳು ಆ ಎರಡನೆಯ ಮಗಳು. ಎರಡು ಮನೆತನಗಳ ನಡುವಿನ ತಲೆಮಾರುಗಳ ಸಂಶಯವನ್ನೆಲ್ಲ ಹೊತ್ತು, ತಂದೆಯ ಅರಮನೆಗೂ ಗಂಡನ ಪ್ರಾರ್ಥನೆಯ ಚಾಪೆಗೂ ನಡುವೆ ಬದುಕಿದವಳು. ಒಮ್ಮೆ ತಂದೆಗೆ ತನ್ನ ಸಂಕಟ ಹೇಳಿಕಳಿಸಿದಾಗ, ಅವನು ಗಂಡನ ಪಕ್ಷವನ್ನೇ ವಹಿಸಿದನೆಂದು ಹಳೆಯ ಕಥನಗಳು ಹೇಳುತ್ತವಂತೆ. ಆಕೆಯ ಒಡಲು ತುಂಬಲಿಲ್ಲವೆಂದೂ ಹೇಳುತ್ತವೆ. ಇಷ್ಟನ್ನು ಬಿಟ್ಟು ಆಕೆಯ ಮನಸ್ಸಿನ ಬಗ್ಗೆ ಯಾರೂ ಏನೂ ಬರೆದಿಡಲಿಲ್ಲ.

ಈ ಚರಿತ್ರೆಯನ್ನು ಸಕೀನಾರಿಗೆ ಮೊದಲು ಕಲಿಸಿದವರು ಅವರ ಮಾವ. ಕೆರೊಲಿನಾದ ಅವರ ಸಮುದಾಯಕ್ಕೆಲ್ಲ ಮೌಲಾನಾ, ಗುರು. ಸೊಸೆಯನ್ನು ಈ ವಯಸ್ಸಿನಲ್ಲಿ ಕಾಲೇಜಿಗೆ ಕಳಿಸಿದವರೂ ಅವರೇ. ನಾನು ಹೋದಾಗಲೆಲ್ಲ ಮನೆಯವರ ಉರ್ದು ಕನ್ನಡಕ್ಕೆ ತಿರುಗುತ್ತಿತ್ತು. ಅದು ಆ ಮನೆಯ ಸೌಜನ್ಯ.

ಆ ವರ್ಷ ಅವರ ಸಮುದಾಯ ಎರಡು ಹೋಳಾಗಿತ್ತು. ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ರೆಸ್ಟನ್ನಿನ ಹೈದರ್ ಸಾಹೇಬರು ಸಿರಿವಂತರು, ಪ್ರಾರ್ಥನಾ ಮಂದಿರ ಕಟ್ಟಿಸಲು ಮುಂದಾದವರು. ಆದರೆ ಮೊಹರಂ ಸಭೆಗಳು ಎಲ್ಲಿ, ಯಾರ ನೇತೃತ್ವದಲ್ಲಿ ಎಂಬ ಮಾತಿಗೆ ಅವರ ಕಡೆಯವರಿಗೂ ಮೌಲಾನಾರ ಕಡೆಯವರಿಗೂ ಬಿಗಿದುಕೊಂಡು, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗದಷ್ಟು ದೂರವಾಗಿದ್ದರು. ಅಂಥ ಹೊತ್ತಿನಲ್ಲಿ ಹೈದರ್ ಸಾಹೇಬರಿಂದಲೇ ಮಾತು ಬಂತು: ತಮ್ಮ ಮಗನಿಗೆ ಮೌಲಾನಾರ ಮೊಮ್ಮಗಳು, ಸಕೀನಾರ ಮಗಳು ನಾಜನೀನಳನ್ನು ಕೊಟ್ಟರೆ ಎಲ್ಲ ಸರಿಹೋದೀತು. ನಾಜನೀನ್ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಕಾನೂನು ಓದುವ ಆಸೆ.

ಮನೆಯವರು ಇದನ್ನು ಚರ್ಚಿಸುತ್ತಿದ್ದ ಸಂಜೆ ಪಾತ್ರೆ ಹಿಂದಿರುಗಿಸಲು ಹೋದ ನಾನು, ಮಾತಿನ ಧಾಟಿ ನೋಡಿ ಹೊರಡಲು ಎದ್ದೆ. ನೀವೂ ಮನೆಯವರೇ, ಕೂತುಕೊಳ್ಳಿ ಎಂದು ಮೌಲಾನಾ ತಡೆದರು. ಅವರ ಮನಸ್ಸು ಒಪ್ಪಿಗೆಯ ಕಡೆ ವಾಲಿತ್ತು. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಜನ ಒಂದಾಗುತ್ತಾರೆ ಎಂದರು. ಸಕೀನಾರ ಗಂಡ ಹೌದೆಂದು ತಲೆಯಾಡಿಸಿದರು.

ಸಕೀನಾ ಸೆರಗಿಗೆ ಕೈ ಒರೆಸಿಕೊಂಡು ಮಾವನೆದುರು ಕೂತರು.

"ಅಬ್ಬಾ, ಖಲೀಫನ ಮಗಳ ಕಥಿ ನೀವೇ ನನಗ ಕಲಿಸಿದ್ರಿ. ಆಕಿನ್ನ ಯಾರರೆ ಒಂದು ಮಾತು ಕೇಳಿದ್ರೇನ್ರಿ?"

"ಕೇಳಿದ್ರು ಅಂತ ನಾ ಎಲ್ಲೂ ಓದಿಲ್ಲಮ್ಮ" ಎಂದರು ಮೌಲಾನಾ. ಆಮೇಲೆ, ಮೊಮ್ಮಗಳನ್ನು ಕರೆಯಲು ಹೇಳಿದರು.

ನಾಜನೀನ್ ಬಂದು ಅಜ್ಜನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅವಳಿಗೆ ಎಲ್ಲ ಗೊತ್ತಿತ್ತು. ಅಜ್ಜ ಕೇಳಿದ್ದು ಇಷ್ಟೇ: ನಿನಗೆ ಮನಸ್ಸಿದೆಯೇ? ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

"ನೀವು ಹೇಳಿದ್ರೆ ಮಾಡ್ಕೋತೀನಿ, ದಾದಾ. ಬಟ್ ಐ ಡೋಂಟ್ ವಾಂಟ್ ಟು."

ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಒಂದು ಕ್ಷಣ ನಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎಂದುಕೊಂಡೆ. ಮೌಲಾನಾ ಅವಳ ತಲೆಯ ಮೇಲೆ ಕೈಯಿಟ್ಟರು. ಇನ್ನು ಈ ವಿಚಾರ ಮುಗಿಯಿತು, ಅವಳನ್ನು ಯಾರೂ ಮತ್ತೆ ಕೇಳಕೂಡದು ಎಂದರು. ಹಾಗಾದರೆ ಜಗಳದ ಗತಿಯೇನು, ಸಂಬಂಧ ಬೇಡವೆಂದರೆ ಅವಮಾನ ಮಾಡಿದಂತಾಗುವುದಿಲ್ಲವೇ ಎಂದು ಮಗ ಕೇಳಿದ್ದಕ್ಕೆ, ನಾನೇ ಹೋಗಿ ಹೈದರ್ ಸಾಹೇಬರಿಗೆ ಹೇಳುತ್ತೇನೆ ಎಂದರು.

ಮುಂದಿನ ಶನಿವಾರ ನಾವು ರೆಸ್ಟನ್ನಿಗೆ ಹೊರಟೆವು. ಅಲ್ಲಿ ನನ್ನ ನಾದಿನಿಯ ಮನೆಯಿತ್ತು, ಕಾರು ಓಡಿಸುವ ಸಕೀನಾರಿಗೆ ದಾರಿಯುದ್ದಕ್ಕೂ ಜೊತೆ ಬೇಕಿತ್ತು. ಮೌಲಾನಾ ಮುಂದಿನ ಸೀಟಿನಲ್ಲಿ ಜಪಮಣಿ ಎಣಿಸುತ್ತ ಕೂತರು. ಹಿಂದೆ ನನ್ನ ಪಕ್ಕ ನಾಜನೀನ್. ತಾನೂ ಬರುತ್ತೇನೆ, ಬೇಡವೆಂದವಳು ತಾನೇ ಅಲ್ಲವೇ ಎಂದು ಹಟ ಹಿಡಿದು ಹತ್ತಿದ್ದಳು. ನಾದಿನಿಯ ಮನೆಯಲ್ಲಿ ನನ್ನನ್ನು ಇಳಿಸಿ ಹೋಗಿ ಎಂದೆ. ಸಕೀನಾ ಬಿಡಲಿಲ್ಲ.

ಹೈದರ್ ಸಾಹೇಬರು ಬಾಗಿಲಲ್ಲಿ ಕಾಯುತ್ತಿದ್ದರು; ಒಪ್ಪಿಗೆ ಹೇಳಲು ಬಂದಿದ್ದಾರೆಂದೇ ಅವರ ಎಣಿಕೆ. ದೊಡ್ಡ ಪಡಸಾಲೆ, ಮೇಜಿನ ಮೇಲೆ ಸಿಹಿ, ಒಂದು ಮೂಲೆಯಲ್ಲಿ ನಾಚಿಕೊಂಡು ನಿಂತ ಹುಡುಗ. ಮೌಲಾನಾ ಕೂರದೆ, ನಿಂತಲ್ಲೇ ಉರ್ದುವಿನಲ್ಲಿ ಮಾತಾಡಿದರು. ಅದನ್ನು ಸಕೀನಾ ನನಗೆ ಆಮೇಲೆ ಕನ್ನಡದಲ್ಲಿ ಹೇಳಿದರು: ಹುಡುಗಿಗೆ ಮನಸ್ಸಿಲ್ಲ, ನಿಮ್ಮ ಮಗನಲ್ಲಿ ಕೊರತೆಯೇನೂ ಇಲ್ಲ. ಆದರೆ ನಮ್ಮ ಮನೆಯಿಂದ ನಿಮ್ಮ ಮನೆಗೆ ಯಾರಾದರೂ ಬರಬೇಕೆಂದು ಕೇಳಿದ್ದಿರಿ. ನಾನು ಬಂದಿದ್ದೇನೆ. ಈ ಸಲದ ಮೊಹರಂ ಮುಗಿಯುವವರೆಗೆ ನಿಮ್ಮ ಮನೆಯಲ್ಲೇ ಇರುತ್ತೇನೆ, ನೀವು ಹೇಳಿದ ಕಡೆ ಕೂತು ಸಭೆಯ ಪ್ರವಚನ ಓದುತ್ತೇನೆ.

ಹೈದರ್ ಸಾಹೇಬರ ಮುಖದಲ್ಲಿ ಮೊದಲು ಸಿಟ್ಟು ಕಂಡಿತು, ಆಮೇಲೆ ಗೊಂದಲ. ಕೆರೊಲಿನಾದ ಅಷ್ಟೂ ಜನರ ಗುರು, ತಮ್ಮ ಎದುರಾಳಿ, ತಾವಾಗಿ ಬಂದು ತಮ್ಮ ಮನೆಯಲ್ಲಿ ಇರುತ್ತೇನೆ ಅನ್ನುತ್ತಿದ್ದಾರೆ. ಸಾಹೇಬರು ಹೊರಗೆ ಹೋಗಿ, ಕಾರಿನಿಂದ ಮೌಲಾನಾರ ಪೆಟ್ಟಿಗೆಯನ್ನು ಕೈಯಾರೆ ಎತ್ತಿ ತಂದರು. ಮಗ ಸಹಾಯಕ್ಕೆ ಓಡಿದರೂ ಕೊಡಲಿಲ್ಲ. ಅವರ ಹೆಂಡತಿ ನಾಜನೀನಳನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದರು.

ಆ ವರ್ಷ ಕ್ಯಾರಿಯವರೆಲ್ಲ ಗುರುಗಳನ್ನು ಕೇಳಲು ರೆಸ್ಟನ್ನಿಗೇ ಹೋದರು. ಗೊಣಗಿಕೊಂಡು ಹೋದವರು ಒಟ್ಟಿಗೆ ಉಂಡು ಬಂದರು. ಮರುವರ್ಷದ ಸಭೆ ಕ್ಯಾರಿಯ ಪಕ್ಕದ ಮಾರಿಸ್‌ವಿಲ್ಲಿನಲ್ಲಿ ನಡೆಯಿತು. ಮೊದಲ ಸಾಲಿನಲ್ಲಿ ಹೈದರ್ ಸಾಹೇಬರಿದ್ದರು. ನಾಜನೀನ್ ಕಾನೂನು ಓದಿದಳು.

ಆದರೆ ನನಗೆ ಮರೆಯಲಾಗದ್ದು ಮೌಲಾನಾರನ್ನು ರೆಸ್ಟನ್ನಿನಲ್ಲಿ ಬಿಟ್ಟು ಬಂದ ಸಂಜೆಯ ವಾಪಸು ಪ್ರಯಾಣ. ಅಜ್ಜನ ಸೀಟಿನಲ್ಲಿ ನಾಜನೀನ್ ಕೂತು ನಿದ್ದೆ ಹೋಗಿದ್ದಳು. ಸಕೀನಾ ಕಾರು ಓಡಿಸುತ್ತ, ಮಗಳಿಗೆ ಎಚ್ಚರವಾಗದಂತೆ ಮೆಲ್ಲಗೆ ನನಗೆ ಹೇಳಿದರು:

"ಇಷ್ಟು ವರ್ಷದಿಂದ ಓದಾಕತ್ತೀನ್ರಿ ಅಕ್ಕಾ. ಎಷ್ಟು ಮನಿ, ಎಷ್ಟು ಮದುವಿ. ಹುಡುಗಿ ಬದಲಿಗೆ ಅಜ್ಜ ಹೋಗಿದ್ದು ನಾ ಎಲ್ಲೂ ನೋಡಿಲ್ಲ."