ಬಶಿ ಮುಚ್ಚಿದ ಚಹಾ

ಔರಾದಿಗೆ ಹೋಗುವ ದಾರಿಯಲ್ಲಿ, ಜನವಾಡ ದಾಟಿದ ಮೇಲೆ, ಬಸ್ಸಿಗೆ ಕಾಯುತ್ತ ಆಲದ ಮರದ ಕೆಳಗಿನ ಚಹಾದಂಗಡಿಯಲ್ಲಿ ಕುಳಿತೆ. ಅಂಗಡಿಯ ಶರಣಮ್ಮ ಚಹಾ ಕೊಟ್ಟಾಗ ಕಪ್ಪಿನ ಕೆಳಗಿರಬೇಕಾದ ಬಶಿ ಅದರ ಮೇಲೆ ಮುಚ್ಚಿಕೊಂಡಿತ್ತು. ಅವಸರದಲ್ಲಿ ಹಾಗಾಗಿರಬೇಕೆಂದು ತೆಗೆದು ಕೆಳಗಿಟ್ಟೆ. ಒಂದು ಗುಟುಕು ಕುಡಿಯುವಷ್ಟರಲ್ಲಿ ಮೇಲಿನಿಂದ ಹಿಕ್ಕೆ ನೇರವಾಗಿ ಕಪ್ಪಿಗೇ ಬಿತ್ತು.

ತಲೆಯೆತ್ತಿದರೆ ಮರದ ತುಂಬ ಕೆಂಪು ಹಣ್ಣು, ಹಣ್ಣಿಗಿಂತ ಹೆಚ್ಚು ಮೈನಾ. ಪಕ್ಕದ ಬೆಂಚಿನವರೆಲ್ಲ ಬಶಿ ಸರಿಸಿ ಕುಡಿದು ಮತ್ತೆ ಮುಚ್ಚಿಕೊಳ್ಳುತ್ತಿದ್ದರು.

"ಈ ಟೊಂಗಿ ಕಡೀಲಾಕ ಕೊಡಲಿ ತಂದಿಟ್ಟೇನ್ರಿ. ಈಕಿ ಬಿಡವಲ್ಲಳು," ಎಂದರು ಆಕೆಯ ಗಂಡ ಬಸಪ್ಪ. "ಹಿಂಗಾದ್ರ ಗಿರಾಕಿ ಬರ್ತಾರೇನ್ರಿ?"

ಶರಣಮ್ಮ ಒಲೆಯಿಂದ ಮುಖ ಎತ್ತಲಿಲ್ಲ. "ಈ ಬ್ಯಾಸಗ್ಯಾಗ ಸುತ್ತಮುತ್ತ ಬ್ಯಾರೆ ಎಲ್ಲಿ ಹಣ್ಣು ಅದಾವ್ರಿ? ಇಲ್ಲಿ ಹೊಟ್ಟಿ ತುಂಬಿದ್ರ ಹಕ್ಕಿ ಇಲ್ಲೇ ಉಳೀತಾವ. ಮುಂದ ತೊಗರಿಗಿ ಹುಳ ಬಿದ್ದಾಗ ಅವೇ ಬಂದು ತಿಂತಾವ. ಇವು ಹೋದ್ರ ಆ ಹುಳ ಇವರು ತಿಂತಾರೇನು ಕೇಳ್ರಿ."

ಬೆಂಚು ನಕ್ಕಿತು. ಬಸಪ್ಪನವರೂ ನಕ್ಕರು. "ಹಣ್ಣು ಮುಗೀಲಿ, ಆಮ್ಯಾಲ ನೋಡ್ತೇನಿ," ಎಂದು ನನ್ನ ಚಹಾ ಚೆಲ್ಲಿ, ಹೊಸದು ತಂದು, ತಾವೇ ಬಶಿ ಮುಚ್ಚಿ ಕೈಗಿತ್ತರು.

ಬಸ್ಸು ಬಂತು. ಏಳುವಾಗ ಮರಕ್ಕೆ ಒರಗಿಸಿಟ್ಟ ಕೊಡಲಿ ಕಂಡಿತು. ಹಿಕ್ಕೆ ಪದರು ಪದರಾಗಿ ಒಣಗಿ ಅದರ ಹಿಡಿ ಪೂರ್ತಿ ಬೆಳ್ಳಗಾಗಿತ್ತು.